ದತ್ತಿಯನ್ನು ಒಲ್ಲೆನೆಂದ ಸಂಸ್ಥೆ

ಒಂದು ಸಂಸ್ಥೆಯ ಚರಿತ್ರೆಯನ್ನು ಬರೆಯಹೊರಟವರು ಮೊದಲು ಅದರ ಕಟ್ಟಡವನ್ನೂ, ಆ ಕಟ್ಟಡಕ್ಕೆ ನೆಲವನ್ನಿತ್ತ ಪುಣ್ಯಾತ್ಮರನ್ನೂ, ಮೂಲಧನವನ್ನು ಕೂಡಿಸಿಕೊಟ್ಟ ಮಹನೀಯರನ್ನೂ, ಅನಂತರ ವರ್ಷದಿಂದ ವರ್ಷಕ್ಕೆ ವೃದ್ಧಿಯಾದ ಆಸ್ತಿಪಾಸ್ತಿಯನ್ನೂ ಸ್ಮರಿಸುವುದು ವಾಡಿಕೆ. ಈ ಸ್ಮರಣ ಸಂಚಿಕೆಗಾಗಿ ನಾನು ಬರೆಯಬೇಕಾಗಿರುವ ಸಂಸ್ಥೆಗೆ ಅಂಥ ವಂಶಾವಳಿಯಿಲ್ಲ. ಲೋಕವು ಆಲ್ಕೊಹಾಲಿಕ್ಸ್ ಅನಾನಿಮಸ್ ಎಂದೂ ಬಳಗದವರು ಎ.ಎ. ಎಂದೂ ಕರೆಯುವ ಅದು, ಕುಡಿತದಿಂದ ಬಿಡುಗಡೆ ಬಯಸುವವರು ಒಂದೆಡೆ ಕುಳಿತು ತಮ್ಮ ತಮ್ಮ ಬಾಳಿನ ಕಥೆಯನ್ನು ಒಬ್ಬರಿಗೊಬ್ಬರು ಹೇಳಿಕೊಳ್ಳುವ ಕೂಟ. ಅದರ ಬಾಗಿಲಲ್ಲಿ ಪ್ರವೇಶಶುಲ್ಕವನ್ನು ಕೇಳುವವರಿಲ್ಲ, ಒಳಗೆ ವೇತನ ಪಡೆದು ಉಪದೇಶಿಸುವವರಿಲ್ಲ, ಹೊರಗಿನ ಶ್ರೀಮಂತನೊಬ್ಬನು ಥೈಲಿಯನ್ನು ಹಿಡಿದು ಬಂದರೆ ಕೈಯೊಡ್ಡುವವರೂ ಇಲ್ಲ. ತೊಂಬತ್ತು ವರ್ಷಗಳನ್ನು ಮೀರಿದ ಈ ಸಂಸ್ಥೆಯ ಚರಿತ್ರೆಯಲ್ಲಿ ನಿಜವಾದ ತಿರುವುಗಳೆಲ್ಲ ಅದು ಪಡೆದ ಧನದಿಂದಲ್ಲ, ಸಿಗದೆ ಹೋದ ಮತ್ತು ಬೇಡವೆಂದ ಧನದಿಂದ ಉಂಟಾದುವು. ಇದು ಸ್ಥಾಪಕರು ಮೊದಲೇ ಗೊತ್ತುಮಾಡಿಕೊಂಡ ವೈರಾಗ್ಯವಾಗಿರಲಿಲ್ಲವೆಂಬುದನ್ನು ಇಲ್ಲಿಯೇ ಹೇಳಬೇಕು. ಅವರು ಹಣಕ್ಕಾಗಿ ಹಂಬಲಿಸಿದರು, ಅಲೆದರು, ಯಾಚಿಸಿದರು. ಹಣವಿಲ್ಲದೆಯೇ ಕೆಲಸ ನಡೆಯುವುದನ್ನು ಕಣ್ಣಾರೆ ಕಂಡ ಮೇಲೆ, ನಡೆಯುತ್ತಿರುವುದು ಅದಿಲ್ಲದಿರುವುದರಿಂದಲೇ ಇರಬಹುದೆಂದು ಮೆಲ್ಲಮೆಲ್ಲನೆ ಕಲಿತರು.

ಕುಡಿತವನ್ನು ಪಾಪವೆಂದೋ ದುರ್ಗುಣವೆಂದೋ ಎಣಿಸಿ, ಕುಡುಕನಿಗೆ ಬುದ್ಧಿವಾದವನ್ನೋ ಶಿಕ್ಷೆಯನ್ನೋ ವಿಧಿಸುವುದೇ ಪದ್ಧತಿಯಾಗಿದ್ದ ಕಾಲದಲ್ಲಿ, ನ್ಯೂಯಾರ್ಕಿನ ಟೌನ್ಸ್ ಆಸ್ಪತ್ರೆಯ ವೈದ್ಯರಾದ ವಿಲಿಯಂ ಸಿಲ್ಕ್‌ವರ್ತ್ ಅವರು, ಇದೊಂದು ವ್ಯಾಧಿ, ಮೊದಲ ಗುಟುಕು ಒಳಗಿಳಿದೊಡನೆ ದೇಹವು ಇನ್ನಷ್ಟನ್ನು ಬೇಡುತ್ತದೆ, ಬಿಟ್ಟಾಗ ಮನಸ್ಸು ಅದನ್ನೇ ಧ್ಯಾನಿಸುತ್ತದೆ ಎಂದು ತಮ್ಮ ರೋಗಿಗಳಿಗೆ ತಿಳಿಯಹೇಳುತ್ತಿದ್ದರು. ಹಾಗೆ ಕೇಳಿದವರಲ್ಲಿ ಒಬ್ಬರು ಬಿಲ್ ವಿಲ್ಸನ್. 1895ರಲ್ಲಿ ವರ್ಮಾಂಟ್ ಪ್ರಾಂತದ ಈಸ್ಟ್ ಡಾರ್ಸೆಟ್ ಎಂಬ ಹಳ್ಳಿಯಲ್ಲಿ ಹುಟ್ಟಿದ ಅವರು ವಾಲ್ ಸ್ಟ್ರೀಟಿನ ಷೇರು ವ್ಯವಹಾರದಲ್ಲಿ ಹೆಸರನ್ನೂ ಹಣವನ್ನೂ ಗಳಿಸಿ, ಎರಡನ್ನೂ ಕುಡಿತಕ್ಕೆ ಒಪ್ಪಿಸಿ, ಹೆಂಡತಿ ಲೋಯಿಸ್ ಅಂಗಡಿಯೊಂದರಲ್ಲಿ ದುಡಿದು ತರುತ್ತಿದ್ದ ಸಂಬಳದಲ್ಲಿ ದಿನ ನೂಕುವ ಸ್ಥಿತಿಗೆ ಬಂದಿದ್ದರು. 1934ರ ನವೆಂಬರಿನಲ್ಲಿ ಎಬಿ ಥ್ಯಾಚರ್ ಎಂಬ ಹಳೆಯ ಕುಡಿತದ ಗೆಳೆಯ, ಆಕ್ಸ್‌ಫರ್ಡ್ ಗ್ರೂಪ್ ಎಂಬ ಧಾರ್ಮಿಕ ಬಳಗದ ಸಹವಾಸದಿಂದ ಕುಡಿತವನ್ನು ಬಿಟ್ಟು, ಅವರನ್ನು ನೋಡಲು ಬಂದ. ಮರುತಿಂಗಳು ಬಿಲ್ ಕೊನೆಯ ಬಾರಿ ಆಸ್ಪತ್ರೆ ಸೇರಿ, ಅಲ್ಲಿಂದ ಹೊರಬಂದ ಮೇಲೆ ಮತ್ತೆ ಕುಡಿಯಲಿಲ್ಲ. ಆದರೆ ಆ ಚಳಿಗಾಲದಲ್ಲಿ ಅವರು ಹುಡುಕಿ ಹುಡುಕಿ ಬೋಧಿಸಿದ ಕುಡುಕರಲ್ಲಿ ಒಬ್ಬನಾದರೂ ಕುಡಿತವನ್ನು ಬಿಟ್ಟವನಿಲ್ಲ. ಬೋಧೆಯನ್ನು ಬಿಟ್ಟು ಮೊದಲು ರೋಗದ ಸ್ವರೂಪವನ್ನು ಹೇಳಿರೆಂದು ಸಿಲ್ಕ್‌ವರ್ತ್ ಬಿಲ್ಲರಿಗೆ ಸಲಹೆಯಿತ್ತರು. ಸಂಸ್ಥೆಯ ಸ್ಥಾಪಕರೆಂದು ಎಣಿಕೆಯಾಗದ ಈ ವೈದ್ಯರ ಆ ಒಂದು ಮಾತಿಗೆ, ನನ್ನ ಮಟ್ಟಿಗೆ, ಸ್ಥಾಪನೆಯ ಅರ್ಧ ಪುಣ್ಯ ಸಲ್ಲಬೇಕು.

1935ರ ಮೇ ತಿಂಗಳಲ್ಲಿ ಬಿಲ್ ಒಂದು ಯಂತ್ರೋದ್ಯಮದ ಕಂಪೆನಿಯ ಆಡಳಿತವನ್ನು ಕೈವಶಮಾಡಿಕೊಳ್ಳುವ ವ್ಯಾಜ್ಯಕ್ಕೆಂದು ಒಹಾಯೊ ಪ್ರಾಂತದ ಆಕ್ರನ್ ನಗರಕ್ಕೆ ಹೋದರು. ಕಾರ್ಯ ಕೆಟ್ಟಿತು, ಜೊತೆಯವರು ಹಿಂತಿರುಗಿದರು, ಜೇಬಿನಲ್ಲಿ ಹೋಟೆಲಿನ ಬಾಡಿಗೆಗೂ ಸಾಲುವಷ್ಟು ಹಣವಿಲ್ಲ. ಮೇಫ್ಲವರ್ ಹೋಟೆಲಿನ ಮೊಗಸಾಲೆಯ ಒಂದು ಕೊನೆಯಲ್ಲಿ ಪಾನಗೃಹ; ವಾರಾಂತ್ಯದ ಸಂಜೆಯ ನಗು, ಮಾತು, ಲೋಟಗಳ ಸದ್ದು ಅಲ್ಲಿಂದ ಹೊರಬರುತ್ತಿತ್ತು. ಇನ್ನೊಂದು ಕೊನೆಯಲ್ಲಿ ಟೆಲಿಫೋನು, ಅದರ ಪಕ್ಕದಲ್ಲಿ ಊರಿನ ಚರ್ಚುಗಳ ಪಟ್ಟಿ. ಈ ಎರಡರ ನಡುವೆ ಶತಪಥ ತಿರುಗುತ್ತಿದ್ದಾಗ ಅವರಿಗೆ ಹೊಳೆದುದಿಷ್ಟು: ಈ ಐದಾರು ತಿಂಗಳಲ್ಲಿ ನನ್ನಿಂದ ಯಾರಿಗೂ ಉಪಕಾರವಾಗದಿದ್ದರೂ, ಆ ಕುಡುಕರೊಡನೆ ಮಾತನಾಡುತ್ತಿದ್ದುದರಿಂದ ನಾನಂತೂ ಕುಡಿಯದೆ ಉಳಿದೆ, ಈಗಲೂ ನನ್ನನ್ನು ಉಳಿಸಬಲ್ಲವನು ಇನ್ನೊಬ್ಬ ಕುಡುಕನೇ. ಅವರು ಪಾದ್ರಿಯೊಬ್ಬರಿಗೆ ಫೋನು ಮಾಡಿದರು. ಅಲ್ಲಿಂದ ಹಲವು ಕರೆಗಳ ಬಳಿಕ ಹೆನ್ರಿಯೆಟ್ಟಾ ಸೈಬರ್ಲಿಂಗ್ ಎಂಬ ಮಹಿಳೆ ಸಿಕ್ಕಿ, ಆ ಊರಿನ ಶಸ್ತ್ರಚಿಕಿತ್ಸಕರಾದ ಡಾಕ್ಟರ್ ಬಾಬ್ ಸ್ಮಿತ್ ಅವರನ್ನು ಮರುದಿನ ತಮ್ಮ ಮನೆಗೆ ಕರೆಸುವುದಾಗಿ ಹೇಳಿದರು.

ಮರುದಿನ, ಅಮೆರಿಕದವರು ತಾಯಂದಿರ ದಿನವೆಂದು ಆಚರಿಸುವ ಭಾನುವಾರ, ಸಾಯಂಕಾಲ ಐದು ಗಂಟೆಗೆ ಡಾಕ್ಟರು ಬಂದರು. ಕೈ ನಡುಗುತ್ತಿತ್ತು. ಹದಿನೈದು ನಿಮಿಷಕ್ಕಿಂತ ಹೆಚ್ಚು ನಿಲ್ಲುವುದಿಲ್ಲವೆಂದು ಹೆಂಡತಿ ಆ್ಯನ್ ಅವರಿಂದ ಮೊದಲೇ ಮಾತು ತೆಗೆದುಕೊಂಡಿದ್ದರು. ಅವರು ಆ ಮನೆಯಿಂದ ಹೊರಟಾಗ ರಾತ್ರಿ ಹನ್ನೊಂದು ಕಳೆದಿತ್ತು. ಬಿಲ್ ಆ ರಾತ್ರಿ ಉಪದೇಶ ಮಾಡಲಿಲ್ಲ, ಸಹಾಯ ಮಾಡಬಂದಿರುವೆನೆಂದೂ ಹೇಳಲಿಲ್ಲ. ತಾನು ಕುಡಿಯದಿರಬೇಕಾದರೆ ತನಗೆ ಇನ್ನೊಬ್ಬ ಕುಡುಕನ ಸಂಗ ಬೇಕಾಗಿದೆಯೆಂದು ಹೇಳಿ ತನ್ನ ಕಥೆಯನ್ನು ಬಿಚ್ಚಿದರು. ವೈದ್ಯಶಾಸ್ತ್ರವನ್ನು ಬಲ್ಲ, ಧರ್ಮಗ್ರಂಥಗಳನ್ನು ಓದಿಕೊಂಡಿದ್ದ, ಬುದ್ಧಿವಾದಗಳನ್ನು ಕೇಳಿ ಕೇಳಿ ಬೇಸತ್ತಿದ್ದ ಡಾಕ್ಟರ್ ಬಾಬ್ ಅವರಿಗೆ, ತನ್ನ ರೋಗವನ್ನು ಅನುಭವದಿಂದ ಬಲ್ಲವನೊಬ್ಬನ ಮಾತು ಅದೇ ಮೊದಲು ಕಿವಿಗೆ ಬಿದ್ದಿತು.

ಅಲ್ಪವೆಚ್ಚದ ಆಪ್ತಸಮಾಲೋಚನೆ ಎಂದು ಇಂದು ನಾವು ಯಾವುದನ್ನು ಹೇಳುತ್ತೇವೆಯೋ ಅದರ ಒಂದು ಬಗೆಯ ಅರ್ಥಶಾಸ್ತ್ರವೆಲ್ಲ ಆ ಆರು ಗಂಟೆಗಳ ಮಾತಿನಲ್ಲಿ ಅಡಗಿದೆಯೆಂದು ನನ್ನ ಭಾವನೆ. ಅಲ್ಲಿ ಕೊಡುವವನು ಯಾರು, ಪಡೆಯುವವನು ಯಾರು? ಕೇಳಿದವನಿಗೆ ಎಷ್ಟು ಉಪಕಾರವಾಯಿತೋ ಹೇಳಿದವನಿಗೂ ಅಷ್ಟೇ ಆಯಿತು. ಶುಲ್ಕವನ್ನು ದಯೆಯಿಂದ ಮಾಫಿ ಮಾಡಿದುದಲ್ಲ. ಎರಡು ಕಡೆಯ ಋಣವೂ ಸರಿಸಮನಾದುದರಿಂದ ಶುಲ್ಕವೆಂಬುದು ಹುಟ್ಟಲೇ ಇಲ್ಲ.

ಡಾಕ್ಟರ್ ಬಾಬ್ ಒಮ್ಮೆ ಜಾರಿದರು. ವೈದ್ಯರ ಸಮ್ಮೇಳನಕ್ಕೆಂದು ಅಟ್ಲಾಂಟಿಕ್ ಸಿಟಿಗೆ ಹೋದವರು ದಾರಿಯುದ್ದಕ್ಕೂ ಕುಡಿದು, ಮೈಮೇಲೆ ಪ್ರಜ್ಞೆಯಿಲ್ಲದೆ ಊರಿಗೆ ಬಂದರು. ಅವರು ಮಾಡಲೇಬೇಕಾಗಿದ್ದ ಶಸ್ತ್ರಚಿಕಿತ್ಸೆಯ ದಿನ ಬೆಳಿಗ್ಗೆ, ಕೈ ನಡುಕ ನಿಲ್ಲಲೆಂದು ಬಿಲ್ಲೇ ಒಂದು ಸೀಸೆ ಬಿಯರನ್ನು ಕೊಟ್ಟು ಆಸ್ಪತ್ರೆಗೆ ಕಳುಹಿಸಿದರು. ಅದು ಅವರ ಕಡೆಯ ಕುಡಿತ. ಆ ದಿನವನ್ನೇ, 1935ರ ಜೂನ್ 10ನ್ನು, ಸಂಸ್ಥೆಯು ತನ್ನ ಜನ್ಮದಿನವೆಂದು ಎಣಿಸುತ್ತದೆ. ಆ ತಿಂಗಳ ಕೊನೆಯಲ್ಲಿ ಇಬ್ಬರೂ ಸೇರಿ ಆಕ್ರನ್ ಸಿಟಿ ಆಸ್ಪತ್ರೆಯಲ್ಲಿ ಮಲಗಿದ್ದ ವಕೀಲರೊಬ್ಬರನ್ನು ಕಂಡರು. ಕುಡಿದ ಅಮಲಿನಲ್ಲಿ ದಾದಿಯರ ಮೇಲೆ ಕೈಮಾಡಿ, ಹಾಸಿಗೆಗೆ ಕಟ್ಟಿಸಿಕೊಂಡಿದ್ದ ಅವರು ಜುಲೈ 4ರಂದು ಸ್ವಸ್ಥರಾಗಿ ಮನೆಗೆ ನಡೆದರು. ಇಬ್ಬರಿದ್ದುದು ಮೂವರಾಯಿತು, ಮಾತು ಕೂಟವಾಯಿತು.

ಇನ್ನು ಹಣದ ಕಥೆ. 1937ರ ಶರತ್ಕಾಲದಲ್ಲಿ ಬಿಲ್ ಮತ್ತು ಬಾಬ್ ಇಬ್ಬರೂ ಕುಳಿತು, ಕುಡಿತ ಬಿಟ್ಟು ಸ್ಥಿರವಾಗಿ ನಿಂತವರನ್ನು ಹೆಸರುಹಿಡಿದು ಎಣಿಸಿದಾಗ ಸುಮಾರು ನಲವತ್ತು ಮಂದಿ ಆದರು. ಈ ಎಣಿಕೆಯಿಂದ ಬಿಲ್ಲರ ಮನಸ್ಸು ಗರಿಗೆದರಿತು. ದೇಶದ ಉದ್ದಗಲಕ್ಕೂ ಆಸ್ಪತ್ರೆಗಳು, ಸಂಬಳದ ಪ್ರಚಾರಕರು, ಒಂದು ಗ್ರಂಥ, ಇವಕ್ಕೆಲ್ಲ ಲಕ್ಷಗಟ್ಟಲೆ ಡಾಲರು ಬೇಕು, ಬರುತ್ತದೆ ಎಂದು ಯೋಜನೆ ಹೂಡಿದರು. ಆಕ್ರನ್ನಿನ ಸಭೆಯಲ್ಲಿ ಅದಕ್ಕೆ ದೊರೆತುದು ಅತ್ಯಲ್ಪ ಬಹುಮತ. ಸಂಬಳದ ಪ್ರಚಾರಕರು ಬಂದರೆ ನಮ್ಮ ಮಾತನ್ನು ನಂಬುವವರು ಯಾರು ಎಂದು ವಿರೋಧಿಸಿದವರ ವಿವೇಕವು ಅಂದಿಗೆ ಸೋತಂತೆ ಕಂಡರೂ, ಚರಿತ್ರೆಯಲ್ಲಿ ಗೆದ್ದುದು ಅದೇ.

ಅದೇ ಸುಮಾರಿಗೆ ಟೌನ್ಸ್ ಆಸ್ಪತ್ರೆಯ ಒಡೆಯರು, ತಮ್ಮಲ್ಲಿಯೇ ಒಂದು ಕಚೇರಿಯನ್ನೂ, ಕೈಖರ್ಚಿಗೆ ಹಣವನ್ನೂ, ಲಾಭದಲ್ಲಿ ಪಾಲನ್ನೂ ಕೊಡುವುದಾಗಿ ಬಿಲ್ಲರನ್ನು ಕರೆದರು. ಮೂರು ಹೊತ್ತಿನ ಊಟಕ್ಕೂ ಲೋಯಿಸರ ದುಡಿಮೆಯನ್ನೇ ನಂಬಿದ್ದ ಮನೆ. ಬಂದ ಅವಕಾಶವು ಧರ್ಮಬಾಹಿರವೂ ಅಲ್ಲ. ಸಂತೋಷದಿಂದ ಹಿಗ್ಗಿದ ಬಿಲ್ ಆ ಸಂಜೆ ಬ್ರೂಕ್ಲಿನ್ನಿನ ಕ್ಲಿಂಟನ್ ಬೀದಿಯ ತಮ್ಮ ಮನೆಯಲ್ಲಿ ಸೇರಿದ್ದ ಕೂಟಕ್ಕೆ ಸಂಗತಿಯನ್ನು ತಿಳಿಸಿದರು. ಅವರು ಹೇಳುತ್ತ ಹೋದಂತೆ ಎದುರಿಗಿದ್ದ ಮುಖಗಳು ಒಂದೊಂದಾಗಿ ಮ್ಲಾನವಾದುವು. ಕಡೆಗೆ ಒಬ್ಬನು ಎದ್ದು, ನಿಮ್ಮ ಕಷ್ಟ ನಮಗೆ ಗೊತ್ತು, ಆದರೂ ಇದು ಕೂಡದು, ನಮ್ಮನ್ನು ಹಿಡಿದಿರುವ ಬಂಧನಕ್ಕೆ ಬೆಲೆ ಕಟ್ಟಿದರೆ ಅದು ಉಳಿಯಲಾರದು ಎಂಬರ್ಥದ ಮಾತನ್ನಾಡಿದ. ಬಿಲ್ ಒಪ್ಪಿದರು. ನಾಯಕನೊಬ್ಬನು ತನ್ನ ಹೊಟ್ಟೆಪಾಡಿನ ವಿಷಯದಲ್ಲಿ, ತಾನೇ ಬದುಕಿಸಿದ ಜನರ ತೀರ್ಪಿಗೆ ತಲೆಬಾಗಿದ ಆ ಸಂಜೆಯನ್ನು ನಾನು ಈ ಸಂಸ್ಥೆಯ ಎರಡನೆಯ ಜನ್ಮವೆಂದೇ ಎಣಿಸುತ್ತೇನೆ. ಸ್ಥಾಪಕನ ಮಾತೇ ಕಡೆಯ ಮಾತಾಗಿ ನಡೆದು, ಅವನೊಡನೆಯೇ ಅಸ್ತಮಿಸಿದ ಸಂಸ್ಥೆಗಳು ನಮ್ಮ ನಾಡಿನಲ್ಲಿಯೂ ಕಡಿಮೆಯೇನಲ್ಲ.

ಬಳಿಕ ಜಾನ್ ಡಿ. ರಾಕ್‌ಫೆಲರ್ ಕಿರಿಯರ ಬಾಗಿಲು. ಅವರ ಪರವಾಗಿ ಫ್ರಾಂಕ್ ಏಮಸ್ ಎಂಬವರು 1938ರ ಆರಂಭದಲ್ಲಿ ಆಕ್ರನ್ನಿಗೆ ಹೋಗಿ, ಎಲ್ಲವನ್ನೂ ನೋಡಿ, 50,000 ಡಾಲರು ಕೊಡಬಹುದೆಂದು ಶಿಫಾರಸು ಮಾಡಿದರು. ಅಷ್ಟು ದೊಡ್ಡ ಧನಿಕರಾದ ರಾಕ್‌ಫೆಲರರು ಕೊಟ್ಟುದು 5,000. ಹಣವು ಈ ಕೆಲಸವನ್ನು ಕೆಡಿಸೀತೆಂಬುದು ಅವರ ಆತಂಕ. ಆ ಹಣದಲ್ಲಿ 3,000 ಡಾಲರು ಡಾಕ್ಟರ್ ಬಾಬ್ ಅವರ ಮನೆಯ ಅಡಮಾನವನ್ನು ತೀರಿಸಲು ಹೋಯಿತು; ಉಳಿದುದರಿಂದ ಇಬ್ಬರಿಗೂ ವಾರಕ್ಕೆ ಮೂವತ್ತು ಡಾಲರಿನಂತೆ ಸ್ವಲ್ಪ ಕಾಲ ಸಂದಿತು. 1940ರ ಫೆಬ್ರುವರಿ 8ರಂದು ಅವರು ನ್ಯೂಯಾರ್ಕಿನ ಯೂನಿಯನ್ ಕ್ಲಬ್ಬಿನಲ್ಲಿ ತಮ್ಮ ಧನಿಕ ಮಿತ್ರರಿಗೆ ಔತಣವನ್ನು ಏರ್ಪಡಿಸಿದಾಗ, ಕಷ್ಟದ ದಿನಗಳು ಅಂದಿಗೆ ತೀರಿದುವೆಂದು ಬಿಲ್ಲರ ಬಳಗ ನಂಬಿತ್ತು. ರಾಕ್‌ಫೆಲರರು ಅಸ್ವಸ್ಥರಾಗಿದ್ದುದರಿಂದ ಅವರ ಮಗ ನೆಲ್ಸನ್ ಅತಿಥಿಗಳನ್ನು ಸತ್ಕರಿಸಿ, ಊಟ ಮುಗಿದ ಮೇಲೆ ಎದ್ದು, ಈ ಕಾರ್ಯದ ಶಕ್ತಿಯಿರುವುದು ಒಬ್ಬನು ಇನ್ನೊಬ್ಬನಿಗೆ ಪ್ರತಿಫಲವನ್ನು ಬಯಸದೆ ಸಹಾಯಮಾಡುವುದರಲ್ಲಿ, ಆದುದರಿಂದ ಇದಕ್ಕೆ ಬೇಕಾದುದು ಸದ್ಭಾವನೆ ಮಾತ್ರ ಎಂದು ತಿಳಿಸಿದರು. ಅತಿಥಿಗಳು ಚಪ್ಪಾಳೆ ತಟ್ಟಿ, ಕೈಕುಲುಕಿ, ಮನೆಗೆ ಹೋದರು. ಆ ರಾತ್ರಿಯ ನಿರಾಶೆ ಎಷ್ಟೆಂಬುದನ್ನು ಊಹಿಸುವುದು ಕಷ್ಟವಲ್ಲ: ವಿಲ್ಸನ್ ದಂಪತಿಗಳು ಹಿಂದಿನ ವರ್ಷವೇ ಕ್ಲಿಂಟನ್ ಬೀದಿಯ ಮನೆಯನ್ನು ಸಾಲಕ್ಕೆ ಕಳೆದುಕೊಂಡು, ಪರಿಚಯಸ್ಥರ ಮನೆಗಳಲ್ಲಿ ಆಶ್ರಯ ಪಡೆಯುತ್ತಿದ್ದರು. 1939ರ ಏಪ್ರಿಲಿನಲ್ಲಿ ಮೂರೂವರೆ ಡಾಲರು ಬೆಲೆಯಿಟ್ಟು ಅಚ್ಚು ಹಾಕಿಸಿದ್ದ 4,730 ಪ್ರತಿಗಳ ಗ್ರಂಥ ಗೋದಾಮಿನಲ್ಲಿ ಬಿದ್ದಿತ್ತು. ಇಂದು ಬಳಗದವರು ಬಿಗ್ ಬುಕ್ ಎಂದು ಕರೆಯುವ, ಹನ್ನೆರಡು ಹೆಜ್ಜೆಗಳ ಸಾಧನೆಯನ್ನು ಮೊದಲ ಬಾರಿಗೆ ವಿವರಿಸಿದ ಗ್ರಂಥ ಅದೇ.

ಆದರೆ ಮಾತಿನಿಂದ ಮಾತ್ರ ಎಲ್ಲವೂ ಆಗುವುದಿಲ್ಲ. ವರ್ಷಗಟ್ಟಲೆ ಕುಡಿದ ದೇಹವು ಮದ್ಯವನ್ನು ಒಮ್ಮೆಗೇ ಬಿಟ್ಟಾಗ ಫಿಟ್ಸು, ಸನ್ನಿ, ಕೆಲವೊಮ್ಮೆ ಮರಣವೂ ಸಂಭವಿಸುವುದರಿಂದ, ಮೊದಲ ಕೆಲವು ದಿನಗಳಿಗೆ ಹಾಸಿಗೆಯೂ ವೈದ್ಯರೂ ಬೇಕು. ಕುಡುಕರನ್ನು ಸೇರಿಸಿಕೊಳ್ಳಲು ಆಸ್ಪತ್ರೆಗಳು ಹಿಂದೆಗೆಯುತ್ತಿದ್ದ ಆ ದಿನಗಳಲ್ಲಿ, ಆಕ್ರನ್ನಿನ ಸೇಂಟ್ ಥಾಮಸ್ ಆಸ್ಪತ್ರೆಯ ಪ್ರವೇಶ ವಿಭಾಗದಲ್ಲಿದ್ದ ಸಿಸ್ಟರ್ ಇಗ್ನೇಶಿಯಾ ಎಂಬ ಕೃಶಕಾಯದ ಸನ್ಯಾಸಿನಿ 1939ರ ಆಗಸ್ಟಿನಲ್ಲಿ ಡಾಕ್ಟರ್ ಬಾಬ್ ಅವರ ರೋಗಿಯೊಬ್ಬನನ್ನು ಒಳಗೆ ಬಿಟ್ಟುಕೊಂಡರು. ಇವನೊಡನೆ ಬಳಗದವರು ಬಂದು ಏಕಾಂತವಾಗಿ ಮಾತನಾಡಬೇಕು, ಬೇರೆ ಕೋಣೆ ಬೇಕು ಎಂದು ಡಾಕ್ಟರು ಕೇಳಿದಾಗ ಖಾಲಿ ಕೋಣೆ ಒಂದೂ ಇರಲಿಲ್ಲ. ರೋಗಿಗಳಿಗೆ ಬಂದ ಹೂಗಳನ್ನು ನೀರಿನಲ್ಲಿಟ್ಟು ಜೋಡಿಸುವ ಚಿಕ್ಕ ಕೋಣೆಯೊಂದಿತ್ತು. ಸಿಸ್ಟರ್ ಹಾಸಿಗೆಯನ್ನು ಅದರೊಳಕ್ಕೆ ತಳ್ಳಿಸಿದರು. ಅಲ್ಲಿಂದ ಮುಂದೆ ಡಾಕ್ಟರ್ ಬಾಬ್ ಅವರು 1950ರಲ್ಲಿ ತೀರಿಕೊಳ್ಳುವವರೆಗೆ ಈ ಇಬ್ಬರೂ ಸೇರಿ ಸುಮಾರು 5,000 ಮದ್ಯವ್ಯಸನಿಗಳನ್ನು ಉಪಚರಿಸಿದರು. ಡಾಕ್ಟರು ಅವರಲ್ಲಿ ಯಾರಿಂದಲೂ ವೈದ್ಯಶುಲ್ಕವನ್ನು ಪಡೆಯಲಿಲ್ಲ. ಈ ಸನ್ಯಾಸಿನಿಯನ್ನು ನೆನೆಯದೆ ಬರೆದ ಚರಿತ್ರೆ ಅಪೂರ್ಣ.

1941ರ ಮಾರ್ಚ್ 1ರ ಸ್ಯಾಟರ್ಡೇ ಈವನಿಂಗ್ ಪೋಸ್ಟ್ ಪತ್ರಿಕೆಯಲ್ಲಿ ಜ್ಯಾಕ್ ಅಲೆಗ್ಸಾಂಡರ್ ಬರೆದ ಲೇಖನ ಪ್ರಕಟವಾದ ಮೇಲೆ, ಎರಡು ಸಾವಿರದಷ್ಟಿದ್ದ ಸದಸ್ಯರು ಆ ವರ್ಷದ ಕೊನೆಗೆ ಎಂಟು ಸಾವಿರವಾದರು. ಬೆಳವಣಿಗೆಯೊಡನೆ ಕಲಹಗಳೂ ಬಂದುವು. ಒಂದೊಂದು ಗುಂಪು ಯಾರನ್ನು ಸೇರಿಸಿಕೊಳ್ಳಬೇಕು, ಯಾರನ್ನು ಕೂಡದು ಎಂದು ನಿಯಮಗಳನ್ನು ಬರೆದುಕೊಂಡಿತ್ತು; ನ್ಯೂಯಾರ್ಕಿನ ಕಚೇರಿಯವರು ಅವನ್ನೆಲ್ಲ ತರಿಸಿ ಒಂದೆಡೆ ಇಟ್ಟು ನೋಡಿದಾಗ, ಆ ನಿಯಮಗಳೆಲ್ಲವೂ ಎಲ್ಲೆಡೆಯೂ ಜಾರಿಯಲ್ಲಿದ್ದರೆ ಸಂಸ್ಥೆಯೊಳಗೆ ಒಬ್ಬರೂ ಕಾಲಿಡುತ್ತಿರಲಿಲ್ಲವೆಂಬುದು ತಿಳಿಯಿತು. 1946ರಲ್ಲಿ ಬಿಲ್ ತಮ್ಮ ಪತ್ರಿಕೆಯಾದ ಗ್ರೇಪ್‌ವೈನಿನಲ್ಲಿ ಹನ್ನೆರಡು ಸಂಪ್ರದಾಯಗಳನ್ನು ಪ್ರಕಟಿಸಿದರು. ಕುಡಿತವನ್ನು ನಿಲ್ಲಿಸಬೇಕೆಂಬ ಆಸೆಯೊಂದಿದ್ದರೆ ಸದಸ್ಯನಾಗಲು ಸಾಕು; ಪ್ರತಿಯೊಂದು ಗುಂಪೂ ತನ್ನ ಖರ್ಚನ್ನು ತಾನೇ ಹೊರಬೇಕು, ಹೊರಗಿನ ಕಾಣಿಕೆಯನ್ನು ಮುಟ್ಟಕೂಡದು; ಸಹಾಯವನ್ನು ವೃತ್ತಿಯಾಗಿಸಕೂಡದು; ಪತ್ರಿಕೆ, ರೇಡಿಯೋ, ಚಲನಚಿತ್ರಗಳೆದುರು ಹೆಸರನ್ನು ಮರೆಸಿಕೊಂಡಿರಬೇಕು ಎಂಬಿವು ಅವುಗಳ ಸಾರ. ಎರಡೇ ವರ್ಷಗಳಲ್ಲಿ ಪರೀಕ್ಷೆ ಬಂದೊದಗಿತು. 1948ರಲ್ಲಿ ತೀರಿಕೊಂಡ ಮಹಿಳೆಯೊಬ್ಬರು ಉಯಿಲಿನಲ್ಲಿ 10,000 ಡಾಲರುಗಳನ್ನು ಸಂಸ್ಥೆಗೆ ಬರೆದಿದ್ದರು. ಆ ಹೊತ್ತಿಗೆ ಬೊಕ್ಕಸ ಬರಿದಾಗಿತ್ತು. ಗುಂಪುಗಳಿಂದ ಬರುತ್ತಿದ್ದ ಹಣ ಸಾಲುತ್ತಿರಲಿಲ್ಲ. ಧರ್ಮದರ್ಶಿಗಳು ದೀರ್ಘವಾಗಿ ವಾದಿಸಿದರು. ಒಮ್ಮೆ ಕೈಯೊಡ್ಡಿದರೆ, ಮೇಲಿನವರು ಕೂಡಿಟ್ಟ ಗಂಟು ಇದೆಯಲ್ಲ ಎಂದು ಸದಸ್ಯರು ತಮ್ಮ ಕಾಸನ್ನು ಹಾಕುವುದನ್ನು ನಿಲ್ಲಿಸುವರು. ಗಂಟಿನ ಸುತ್ತ ಜಗಳಗಳು ಹುಟ್ಟುವುವು. ಉಯಿಲಿನ ಹಣ ಬೇಡವೆಂದು ಅವರು ನಿರ್ಣಯಿಸಿದರು. 1950ರ ಜುಲೈಯಲ್ಲಿ ಕ್ಲೀವ್‌ಲೆಂಡಿನ ಮಹಾಸಮ್ಮೇಳನವು ಸಂಪ್ರದಾಯಗಳನ್ನು ಅಂಗೀಕರಿಸಿತು. ಸದಸ್ಯನಾದವನೂ ಕೇಂದ್ರಕ್ಕೆ ವರ್ಷದಲ್ಲಿ ಇಂತಿಷ್ಟಕ್ಕಿಂತ ಹೆಚ್ಚು ಕೊಡುವಂತಿಲ್ಲವೆಂಬ ಮಿತಿ ಇಂದಿಗೂ ಇದೆ.

ಕುಡಿಯುವವನಿಗಿಂತ ಅವನ ಮನೆಯವರ ಗಾಯವೇ ಆಳವಾದುದೆಂಬ ಸತ್ಯವನ್ನು ಈ ಚರಿತ್ರೆ ತಡವಾಗಿ ಕಂಡುಕೊಂಡಿತು. ಗಂಡಂದಿರು ಒಳಗೆ ಕೂಟದಲ್ಲಿದ್ದಾಗ ಹೆಂಡಂದಿರು ಅಡುಗೆಮನೆಯಲ್ಲಿ ಕಾಫಿ ಕಾಸುತ್ತ ತಮ್ಮತಮ್ಮಲ್ಲಿ ಮಾತನಾಡಿಕೊಳ್ಳುತ್ತಿದ್ದರು. ಏಟು, ಅವಮಾನ, ಸಾಲಗಾರರ ಬೈಗುಳ, ರಾತ್ರಿಯೆಲ್ಲ ಬಾಗಿಲ ಸದ್ದಿಗೆ ಕಿವಿಗೊಟ್ಟು ಬೆಳೆದ ಮಕ್ಕಳ ಹೆದರಿಕೆ, ಇವೆಲ್ಲ ಗಂಡನು ಕುಡಿತ ಬಿಟ್ಟ ಮರುದಿನವೇ ಮಾಯುವಂಥವಲ್ಲ. ಆ ಮಾತುಗಳೇ ಬೆಳೆದು, 1951ರಲ್ಲಿ ಲೋಯಿಸ್ ವಿಲ್ಸನ್ನರ ಮುಂದಾಳ್ತನದಲ್ಲಿ ಆಲ್-ಅನಾನ್ ಎಂಬ ಪ್ರತ್ಯೇಕ ಬಳಗವಾಯಿತು. ಇದು ಹದಿನಾರು ವರ್ಷ ಮೊದಲೇ ಆಗಬೇಕಾಗಿತ್ತು.

ಇಂಥ ಕೂಟಗಳಿಂದ ನಿಜಕ್ಕೂ ಪ್ರಯೋಜನವುಂಟೇ ಎಂದು ವಿದ್ವಾಂಸರು ಬಹುಕಾಲ ಸಂಶಯಪಟ್ಟರು. ಹೆಸರಿಲ್ಲದವರನ್ನು ಲೆಕ್ಕಹಾಕುವುದು ಕಷ್ಟವೂ ಹೌದು. 2020ರಲ್ಲಿ ಪ್ರಕಟವಾದ ಕಾಕ್ರೇನ್ ಸಮೀಕ್ಷೆಯು 10,565 ಮಂದಿಯನ್ನೊಳಗೊಂಡ 27 ಅಧ್ಯಯನಗಳನ್ನು ಪರಿಶೀಲಿಸಿ, ಎ.ಎ. ಕೂಟಗಳನ್ನೂ ಅವುಗಳಿಗೆ ರೋಗಿಯನ್ನು ಸಿದ್ಧಗೊಳಿಸಿ ಕಳುಹಿಸುವ ಚಿಕಿತ್ಸಾಕ್ರಮವನ್ನೂ ಅನುಸರಿಸಿದವರಲ್ಲಿ, ಕುಡಿತದಿಂದ ಸಂಪೂರ್ಣವಾಗಿ ದೂರವುಳಿದವರ ಪ್ರಮಾಣವು ಇತರ ಚಿಕಿತ್ಸೆಗಳಿಗಿಂತ ಹೆಚ್ಚೆಂದೂ, ವೈದ್ಯಕೀಯ ವೆಚ್ಚವೂ ತಗ್ಗುವ ಸಂಭವವಿದೆಯೆಂದೂ ತಿಳಿಸಿತು. ಹಾಗೆಂದು ಈ ಕೂಟವೊಂದೇ ಸಕಲ ರೋಗಕ್ಕೂ ಮದ್ದೆನ್ನಲಾಗದು. ಬಿಲ್ ವಿಲ್ಸನ್ನರೇ ಕುಡಿತ ಬಿಟ್ಟ ಮೇಲೆ ವರ್ಷಗಳ ಕಾಲ ತೀವ್ರ ಖಿನ್ನತೆಯಿಂದ ಬಳಲಿ ಮನೋವೈದ್ಯರ ನೆರವನ್ನು ಪಡೆದರು. ಬಾಲ್ಯದ ಆಘಾತವನ್ನೋ ಮನೋರೋಗವನ್ನೋ ಕುಡಿತದೊಡನೆ ಹೊತ್ತು ಬಂದವರಿಗೆ ತಜ್ಞರ ಚಿಕಿತ್ಸೆ ಬೇಕೇ ಬೇಕು. ಅದನ್ನು ತಡೆಯುವ ಹಕ್ಕು ಯಾವ ಗುಂಪಿಗೂ ಇಲ್ಲ.

ಭಾರತಕ್ಕೆ ಎ.ಎ. ಕಾಲಿಟ್ಟುದು 1957ರಲ್ಲಿ, ಮುಂಬಯಿಯಲ್ಲಿ. ಅಲ್ಲಿಂದ ದಕ್ಷಿಣಕ್ಕೂ ಹಬ್ಬಿ, ಇಂದು ಬೆಂಗಳೂರು, ಮಂಗಳೂರು ಮೊದಲಾದ ನಗರಗಳಲ್ಲಿ ಚರ್ಚಿನ ಕೋಣೆ, ಶಾಲೆಯ ತರಗತಿ, ಆಸ್ಪತ್ರೆಯ ಮೂಲೆಗಳಲ್ಲಿ ಕೂಟಗಳು ಸೇರುತ್ತವೆ. ಇಂಗ್ಲಿಷಿನ ಜೊತೆಗೆ ಕನ್ನಡದ ಕೂಟಗಳೂ ಉಂಟು. ಧರ್ಮಸ್ಥಳದ ಗ್ರಾಮಾಭಿವೃದ್ಧಿ ಯೋಜನೆಯ ಆಶ್ರಯದಲ್ಲಿ ಹಳ್ಳಿಹಳ್ಳಿಗಳಲ್ಲಿ ನಡೆಯುವ ಎಂಟು ದಿನಗಳ ಮದ್ಯವರ್ಜನ ಶಿಬಿರಗಳ ಹುಟ್ಟು ಬೇರೆ, ಅಲ್ಲಿಯ ಭಜನೆ, ಯೋಗ, ದೇವರ ಮುಂದಿನ ಸಂಕಲ್ಪಗಳ ರೀತಿಯೂ ಬೇರೆ. ಆದರೆ ಶಿಬಿರದಿಂದ ಮನೆಗೆ ಮರಳಿದವರು ಮತ್ತೆ ಒಂದುಗೂಡಲೆಂದು ರೂಪಿಸಿದ ನವಜೀವನ ಸಮಿತಿಗಳನ್ನು ನೋಡಿದರೆ, ಬಿಡುವುದು ಎಂಟು ದಿನದ ಕೆಲಸ, ಬಿಟ್ಟಿರುವುದು ಜತೆಗಾರರ ಕೆಲಸ ಎಂಬ ಅರಿವು ಅಲ್ಲಿಯೂ ಇದೆ.

ಎ.ಎ. ಗುಂಪುಗಳ ಕನ್ನಡದ ಚರಿತ್ರೆಯನ್ನು ಇನ್ನೂ ವಿವರವಾಗಿ ಬರೆಯಬೇಕಾಗಿದೆ. ಆಕ್ರನ್ನಿನ ಹೂವಿನ ಕೋಣೆಯ ಸಂಗತಿ ಇಂದು ನಮಗೆ ತಿಳಿದಿರುವುದು, ಅಂದಿನವರು ಕಾಗದಪತ್ರಗಳನ್ನು ಜೋಪಾನಮಾಡಿ, ಹಿರಿಯರ ನೆನಪುಗಳನ್ನು ಬರೆದಿಟ್ಟುದರಿಂದ. ಅನಾಮಿಕತೆಯ ವ್ರತವನ್ನು ಮುರಿಯದೆಯೇ, ಹೆಸರನ್ನು ಬಿಟ್ಟು ಕಥೆಯನ್ನು ಮಾತ್ರ, ನಮ್ಮ ಹಳೆಯ ಸದಸ್ಯರ ಬಾಯಿಂದ ಈಗಲೇ ಕೇಳಿ ಬರೆದುಕೊಳ್ಳಬೇಕು. ಪ್ರತಿ ಗುಂಪಿನ ಖಜಾಂಚಿಯ ಬಳಿಯೂ ಒಂದು ಲೆಕ್ಕದ ಪುಸ್ತಕವಿರುತ್ತದೆ: ಕೂಟ ಮುಗಿದ ಮೇಲೆ ಬುಟ್ಟಿಗೆ ಬಿದ್ದ ಹಣವೆಷ್ಟು, ಕೋಣೆಯ ಬಾಡಿಗೆಗೆ ಎಷ್ಟು, ಚಹಾಕ್ಕೆ ಎಷ್ಟು, ಹೊಸಬನ ಕೈಗಿತ್ತ ಪುಸ್ತಿಕೆಗೆ ಎಷ್ಟು ಎಂಬುದೆಲ್ಲ ಅದರಲ್ಲಿ ಕಾಣುತ್ತದೆ. ದಾನಿಗಳ ಶಿಲಾಫಲಕಗಳಿಲ್ಲದ ಈ ಸಂಸ್ಥೆಗೆ ಅದೇ ಶಾಸನ. ವರ್ಷ ಮುಗಿದ ಪುಸ್ತಕಗಳನ್ನು ರದ್ದಿಗೆ ಹಾಕದೆ ತೆಗೆದಿರಿಸಬೇಕೆಂದು ಗುಂಪುಗಳ ಕಾರ್ಯದರ್ಶಿಗಳನ್ನು ಈ ಸಂಚಿಕೆಯ ಮೂಲಕ ಪ್ರಾರ್ಥಿಸುತ್ತೇನೆ.